ಶನಿವಾರ ‘ಓನ್ಲಿ’ ಎಂದು ಬರೆದು ಅತಿಥಿಗಳನ್ನು ಕಳೆದುಕೊಂಡೆ: ಇಂಗ್ಲಿಷ್ ಬರಹದ ತಪ್ಪುಗಳನ್ನು ತಿದ್ದಿಕೊಳ್ಳುವುದು ಹೇಗೆ?

ಹೊಳೆದಂಡೆ ಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಸಣ್ಣ ಹಳ್ಳಿ ನಮ್ಮದು. ಅಡಿಕೆ ತೋಟದ ಜೊತೆಗೆ ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಅಡುಗೆಯೂ ನನ್ನದು, ಬುಕಿಂಗ್ ವ್ಯವಹಾರವೂ ನನ್ನದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಂಗ್ಲಿಷಿನಲ್ಲಿ ಬಂದ ಸಂದೇಶ ಅರ್ಥವಾಗುತ್ತದೆ, ಉತ್ತರವನ್ನೂ ಬರೆಯುತ್ತೇನೆ. ಆದರೆ ನಾನು ಬರೆದದ್ದು ಓದಿದವರಿಗೆ ಬೇರೆಯೇ ಆಗಿ ತಲುಪುತ್ತಿದೆ ಎಂಬುದು ಈಚೆಗೆ ತಿಳಿಯಿತು.

ಕಳೆದ ತಿಂಗಳು ಪುಣೆಯ ಕುಟುಂಬವೊಂದು ವಾರಾಂತ್ಯಕ್ಕೆ ಕೋಣೆ ಕೇಳಿತು. ಶನಿವಾರ, ಭಾನುವಾರ ಎರಡೂ ದಿನ ಕೋಣೆ ಖಾಲಿ ಇತ್ತು. ‘ಶನಿವಾರವೇ ಬರಬಹುದು, ಕೋಣೆ ಇದೆ’ ಎಂಬ ಅರ್ಥದಲ್ಲಿ ‘ಅವೈಲಬಲ್ ಆನ್ ಸ್ಯಾಟರ್ಡೇ ಓನ್ಲಿ’ ಎಂದು ಬರೆದೆ. ಅವರು ಧನ್ಯವಾದ ಹೇಳಿ, ಶೃಂಗೇರಿಯಲ್ಲಿ ಎರಡು ದಿನಕ್ಕೆ ಬೇರೆ ಕಡೆ ಗೊತ್ತು ಮಾಡಿಕೊಂಡರು. ಏಕೆಂದು ಕೇಳಿದಾಗ, ‘ಶನಿವಾರ ಮಾತ್ರ ಇದೆ ಎಂದು ನೀವೇ ಬರೆದಿದ್ದಿರಿ’ ಎಂದರು.

ಅದಕ್ಕೂ ಮೊದಲು, ಚಿಕ್ಕ ಮಕ್ಕಳಿದ್ದ ಒಂದು ಕುಟುಂಬಕ್ಕೆ ನಮ್ಮ ಹಳ್ಳದ ನೀರು ‘ಟೂ ಕೋಲ್ಡ್’ ಎಂದು ಹೆಮ್ಮೆಯಿಂದಲೇ ಬರೆದಿದ್ದೆ. ಅವರು ಬಂದರು, ಆದರೆ ಮಕ್ಕಳನ್ನು ನೀರಿಗೆ ಇಳಿಸಲೇ ಇಲ್ಲ. ಹೊರಡುವ ದಿನ ಆ ಮಕ್ಕಳ ಮುಖ ನೋಡಿ ನನಗೆ ಸಂಕಟವಾಯಿತು.

ಈಗ ಶಿವಮೊಗ್ಗದಲ್ಲಿ ಒಂದು ಸ್ವಾಗತ ಪತ್ರ ಅಚ್ಚು ಹಾಕಿಸಬೇಕೆಂದಿದ್ದೇನೆ. ಅಚ್ಚಾದ ಮೇಲೆ ತಿದ್ದಲು ಆಗುವುದಿಲ್ಲ. ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ಓದುವಷ್ಟು ಬಿಡುವಿಲ್ಲ. ನಮ್ಮಂಥವರು ಎಡವುವ ಜಾಗಗಳು ಯಾವುವು, ತಿಳಿದವರು ಹೇಳುತ್ತೀರಾ?

ನಿವೃತ್ತ ಮೇಷ್ಟರು, ಶಿವಮೊಗ್ಗ

ತಂಗಿ, ನೀವು ಹೇಳಿದ ಎರಡೂ ತಪ್ಪುಗಳನ್ನು ಮೂವತ್ತು ವರ್ಷ ಉತ್ತರ ಪತ್ರಿಕೆಗಳಲ್ಲಿ ಕಂಡಿದ್ದೇನೆ. ಇಂಗ್ಲಿಷ್ ಬಾರದ್ದರಿಂದ ಆದ ತಪ್ಪುಗಳೆಂದು ಇವನ್ನು ನಾನು ಕರೆಯುವುದಿಲ್ಲ. ನಿಮ್ಮ ಕನ್ನಡ ಗಟ್ಟಿಯಾಗಿದೆ, ಅದು ಇಂಗ್ಲಿಷಿನ ಅಡಿಯಲ್ಲಿ ಕೆಲಸ ಮಾಡುತ್ತಿದೆ. ಹಾಗಾಗಿ ನಮ್ಮ ತಪ್ಪುಗಳಿಗೆ ಒಂದು ಕ್ರಮ ಇರುತ್ತದೆ. ಕನ್ನಡ ಎಲ್ಲಿ ಇಂಗ್ಲಿಷಿನಿಂದ ಬೇರೆ ದಾರಿ ಹಿಡಿಯುತ್ತದೋ ಅಲ್ಲಿಯೇ ನಾವು ಜಾರುತ್ತೇವೆ. ಆ ಜಾಗಗಳನ್ನು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು.

‘ಓನ್ಲಿ’ಯನ್ನೇ ನೋಡಿ. ನಮ್ಮ ‘ಏ’ ಅವಧಾರಣಾರ್ಥಕ ಅವ್ಯಯ. ಶನಿವಾರವೇ, ಇಲ್ಲೇ, ನಾನೇ, ನಾಳೆಯೇ ಎಂದು ಒತ್ತು ಕೊಡಲು ಒಂದು ಸ್ವರ ಸಾಕು. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲ. ಮಾತಿನಲ್ಲಿ ಅವರು ದನಿಯಿಂದ ಒತ್ತು ಕೊಡುತ್ತಾರೆ, ಬರಹದಲ್ಲಿ ವಾಕ್ಯವನ್ನೇ ಬೇರೆ ಕಟ್ಟುತ್ತಾರೆ. ‘ಓನ್ಲಿ’ ಎಂದರೆ ನಮ್ಮ ‘ಮಾತ್ರ’. ಆದ್ದರಿಂದ ಆ ಪದ ಬರೆಯುವ ಮುನ್ನ ಮನಸ್ಸಿನಲ್ಲಿ ‘ಮಾತ್ರ’ ಎಂದು ಹಾಕಿ ನೋಡಿ. ‘ಶನಿವಾರ ಮಾತ್ರ ಕೋಣೆ ಇದೆ’ ಎಂಬುದು ನಿಮ್ಮ ಅಭಿಪ್ರಾಯವಾದರೆ ಇರಲಿ, ಇಲ್ಲದಿದ್ದರೆ ತೆಗೆದುಹಾಕಿ.

‘ತುಂಬಾ’ ಕೂಡ ಹೀಗೆಯೇ. ತುಂಬಾ ಚೆನ್ನಾಗಿದೆ ಎನ್ನುತ್ತೇವೆ, ಉಪ್ಪು ತುಂಬಾ ಆಯಿತು ಎಂದೂ ಎನ್ನುತ್ತೇವೆ. ಒಂದೇ ಪದ ಹೊಗಳಿಕೆಗೂ ದೂರಿಗೂ ಒದಗುತ್ತದೆ. ಇಂಗ್ಲಿಷ್ ಇವೆರಡನ್ನು ಬೇರೆ ಇಟ್ಟಿದೆ. ಹೊಗಳಿಕೆಗೆ ‘ವೆರಿ’, ಮಿತಿ ಮೀರಿದ್ದಕ್ಕೆ ‘ಟೂ’. ಉಪ್ಪು ಹೆಚ್ಚಾದ ಸಾರನ್ನು ನೆನಪಿನಲ್ಲಿಟ್ಟುಕೊಳ್ಳಿ. ಅದು ‘ಟೂ’. ನಿಮ್ಮ ಹಳ್ಳದ ನೀರು ‘ವೆರಿ’.

ಉಳಿದವನ್ನು ಸಂಜೆ ಬರೆಯುತ್ತೇನೆ.

ಹೊಸನಗರದ ಅತಿಥಿಮನೆ

ಅಕ್ಕ, ನಾವೂ ಇದೇ ಕಸುಬಿನವರು. ನನಗೆ ಪಾಠ ಕಲಿಸಿದ್ದು ‘ಯೆಸ್’. ಒಬ್ಬರು ‘ನಿಮ್ಮಲ್ಲಿ ವೈಫೈ ಇಲ್ಲ ಅಲ್ಲವೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ‘ಹೌದು, ಇಲ್ಲ’ ಎಂಬ ಅರ್ಥದಲ್ಲಿ ‘ಯೆಸ್’ ಎಂದಷ್ಟೇ ಬರೆದೆ. ಅವರು ವೈಫೈ ಇದೆ ಎಂದು ತಿಳಿದು ಕಚೇರಿ ಕೆಲಸದ ಲ್ಯಾಪ್‌ಟಾಪ್ ಹೊತ್ತು ಬಂದರು. ಕನ್ನಡದಲ್ಲಿ ‘ಹೌದು’ ಎಂದರೆ ಕೇಳಿದವರ ಮಾತನ್ನು ಒಪ್ಪಿದಂತೆ. ಇಂಗ್ಲಿಷಿನಲ್ಲಿ ‘ಯೆಸ್’ ಎಂದರೆ ವಸ್ತು ಇದೆ, ‘ನೋ’ ಎಂದರೆ ಇಲ್ಲ, ಪ್ರಶ್ನೆ ಹೇಗೇ ಇರಲಿ. ಈಗ ನಾನು ಒಂಟಿ ‘ಯೆಸ್’ ಬರೆಯುವುದೇ ಇಲ್ಲ. ವಸ್ತುವಿನ ಹೆಸರು ಹೇಳಿ, ಇದೆ ಅಥವಾ ಇಲ್ಲ ಎಂದು ಪೂರ್ತಿ ವಾಕ್ಯ ಬರೆಯುತ್ತೇನೆ.

ಮಳೆಯ ಬಗ್ಗೆಯೂ ಎಚ್ಚರ. ‘ಮಳೆ ಬರುತ್ತಿದೆ’ ಎಂಬುದನ್ನು ‘ರೇನ್ ಈಸ್ ಕಮಿಂಗ್’ ಎಂದು ಬರೆದರೆ ಮಳೆ ಇನ್ನೂ ದೂರದಲ್ಲಿದೆ, ಬರುವುದರಲ್ಲಿದೆ ಎಂದಾಗುತ್ತದೆ. ‘ಇಟ್ ಈಸ್ ರೇನಿಂಗ್’ ಎನ್ನಬೇಕು. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ನೆರೆಯವರು ನೀವು. ಜುಲೈನಲ್ಲಿ ಬರುವ ಅತಿಥಿಗೆ ಈ ವ್ಯತ್ಯಾಸ ಮುಖ್ಯ.

ಸಾಗರದ ವಿದ್ಯಾರ್ಥಿನಿ

ಮೇಷ್ಟರಿಗೆ ನಮಸ್ಕಾರಗಳು. ನಾನು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ‘2023ರಲ್ಲಿ ಪದವಿ ಮುಗಿಸಿದ್ದೇನೆ’ ಎಂಬುದಕ್ಕೆ ‘ಐ ಹ್ಯಾವ್ ಕಂಪ್ಲೀಟೆಡ್’ ಎಂದು ಬರೆದು ಮುಂದೆ 2023 ಎಂದು ಹಾಕಿದ್ದೆ. ‘2021ರಿಂದ ಮನೆಪಾಠ ಹೇಳುತ್ತಿದ್ದೇನೆ’ ಎಂಬುದಕ್ಕೆ ‘ಐ ಆ್ಯಮ್ ಟೀಚಿಂಗ್ ಫ್ರಮ್ 2021’ ಎಂದಿದ್ದೆ. ನೋಡಿದ ಹಿರಿಯರೊಬ್ಬರು ಎರಡಕ್ಕೂ ಕೆಂಪು ಗೆರೆ ಎಳೆದರು, ಕಾರಣ ಹೇಳಲಿಲ್ಲ. ಕಾರಣ ತಿಳಿಯದೆ ತಿದ್ದಿಕೊಂಡರೆ ಮುಂದಿನ ಅರ್ಜಿಯಲ್ಲಿ ಮತ್ತೆ ಅದನ್ನೇ ಬರೆಯುತ್ತೇನೆ ಎಂಬ ಭಯವಿದೆ.

ನಿವೃತ್ತ ಮೇಷ್ಟರು, ಶಿವಮೊಗ್ಗ

ಕಾರಣ ಕೇಳಿದ್ದು ಸಂತೋಷವಾಯಿತು, ಮಗಳೇ. ಕಾರಣ ಹೇಳದೆ ಕೆಂಪು ಗೆರೆ ಎಳೆಯುವುದನ್ನು ನಾನು ಎಂದೂ ಒಪ್ಪಿದವನಲ್ಲ.

‘2023ರಲ್ಲಿ ಪದವಿ ಮುಗಿಸಿದ್ದೇನೆ’ ಎಂಬುದು ಶುದ್ಧ ಕನ್ನಡ. ನಮ್ಮ ‘ಇದ್ದೇನೆ’ ನಿನ್ನೆಯ ಜೊತೆಗೂ ಕೂರುತ್ತದೆ, ಹತ್ತು ವರ್ಷ ಹಿಂದಿನ ಇಸವಿಯ ಜೊತೆಗೂ ಕೂರುತ್ತದೆ. ಇಂಗ್ಲಿಷಿನ ‘ಹ್ಯಾವ್’ ಹಾಗಲ್ಲ. ಮುಗಿದುಹೋದ ಕಾಲವನ್ನು ವಾಕ್ಯದೊಳಗೆ ಹೆಸರಿಸಿದ ಕೂಡಲೇ ಅದು ಎದ್ದು ಹೋಗುತ್ತದೆ. ನಿನ್ನೆ, ಕಳೆದ ವಾರ, 2023 ಎಂದು ಗಡಿಯಾರವೋ ಕ್ಯಾಲೆಂಡರೋ ಕಂಡರೆ ‘ಹ್ಯಾವ್’ ತೆಗೆದು ‘ಐ ಕಂಪ್ಲೀಟೆಡ್’ ಎಂದಿಷ್ಟೇ ಬರೆಯಿರಿ. ಇಸವಿ ಹೇಳದಿದ್ದರೆ ‘ಐ ಹ್ಯಾವ್ ಕಂಪ್ಲೀಟೆಡ್’ ಸರಿ.

ಎರಡನೆಯದರಲ್ಲಿ ತೊಡಕು ಪಂಚಮಿ ವಿಭಕ್ತಿಯಂತೆ ಕಾಣುವ ನಮ್ಮ ‘ಇಂದ’ದ್ದು. ಶಿವಮೊಗ್ಗದಿಂದ ಬಂದೆ, 2021ರಿಂದ ಕಲಿಸುತ್ತಿದ್ದೇನೆ, ಎರಡಕ್ಕೂ ಅದೇ ಪ್ರತ್ಯಯ. ಇಂಗ್ಲಿಷ್ ಊರಿಗೆ ‘ಫ್ರಮ್’ ಕೊಡುತ್ತದೆ. ಅಂದು ಶುರುವಾಗಿ ಇಂದಿಗೂ ನಡೆಯುತ್ತಿರುವ ಕೆಲಸವಾದರೆ ಶುರುವಾದ ಕಾಲಕ್ಕೆ ‘ಸಿನ್ಸ್’ ಕೊಡುತ್ತದೆ, ಕ್ರಿಯಾಪದವನ್ನೂ ‘ಹ್ಯಾವ್ ಬೀನ್ ಟೀಚಿಂಗ್’ ಎಂದು ಬದಲಿಸಲು ಹೇಳುತ್ತದೆ. ಮೂರು ವರ್ಷಗಳಿಂದ ಎಂದು ಅವಧಿ ಹೇಳುವುದಾದರೆ ‘ಫಾರ್’.

ಎಲ್ಲ ತಪ್ಪಿಗೂ ಕನ್ನಡವೇ ಕಾರಣ ಎನ್ನುವಂತಿಲ್ಲ. ‘ಐ ಆ್ಯಮ್ ಹ್ಯಾವಿಂಗ್ ಎಕ್ಸ್‌ಪೀರಿಯನ್ಸ್’ ಎಂದು ಬರೆಯುವವರು ಬಹಳ. ಕನ್ನಡದಲ್ಲಿ ‘ಅನುಭವ ಇರುತ್ತಿದೆ’ ಎಂದು ಯಾರೂ ಹೇಳುವುದಿಲ್ಲ, ‘ಅನುಭವ ಇದೆ’ ಎನ್ನುತ್ತೇವೆ. ಇಲ್ಲಿ ಕನ್ನಡದ ಮಾತನ್ನು ಕೇಳಿದ್ದರೆ ‘ಐ ಹ್ಯಾವ್’ ಎಂದು ಸರಿಯಾಗಿಯೇ ಬರುತ್ತಿತ್ತು. ‘ಒನ್ ಆಫ್ ಮೈ ಫ್ರೆಂಡ್’ ಕೂಡ ಹಾಗೆಯೇ. ‘ನನ್ನ ಗೆಳೆಯರಲ್ಲಿ ಒಬ್ಬ’ ಎನ್ನುವಾಗ ಗೆಳೆಯರು ಬಹುವಚನದಲ್ಲಿದ್ದಾರೆ. ಇಂಗ್ಲಿಷಿನಲ್ಲಿಯೂ ಬಹುವಚನವೇ ಬೇಕು.

‘ಎ’ ಮತ್ತು ‘ದ’ ಬಗ್ಗೆ ಕೇಳದವರಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ‘ದ’ಗೆ ಸಮನಾದ ಪದ ಕನ್ನಡದಲ್ಲಿಲ್ಲ ಎನ್ನುತ್ತಾರೆ. ಆದರೆ ಅಜ್ಜಿ ಹೇಳಿದ ಕತೆಯನ್ನು ನೆನೆಯಿರಿ. ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಹೆಂಡಿರು.’ ಮೊದಲ ಸಲ ಬಂದಾಗ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಮೊದಲನೆಯದು ‘ಎ’, ಎರಡನೆಯದು ‘ದ’. ಎಲ್ಲ ಬಳಕೆಗಳನ್ನೂ ಇದು ವಿವರಿಸುವುದಿಲ್ಲ. ಆದರೂ ನನ್ನ ತರಗತಿಯಲ್ಲಿ ಇದರಷ್ಟು ಉಪಕಾರ ಮಾಡಿದ ಸೂತ್ರ ಇನ್ನೊಂದಿಲ್ಲ.

ಮಂಡಿ ಗುಮಾಸ್ತ

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ಉತ್ತರ ಭಾರತದ ಖರೀದಿದಾರರಿಗೆ ದಿನವೂ ಇಂಗ್ಲಿಷಿನಲ್ಲಿ ಪತ್ರ ಹೋಗುತ್ತದೆ. ‘ಶುಕ್ರವಾರದೊಳಗೆ ಹಣ ಕಳುಹಿಸಿ’ ಎಂಬುದನ್ನು ಬಹಳ ಕಾಲ ‘ವಿತಿನ್ ಫ್ರೈಡೇ’ ಎಂದೇ ಬರೆದೆ. ‘ಒಳಗೆ’ ಎಂದರೆ ‘ವಿತಿನ್’ ಅಲ್ಲವೇ ಎಂಬ ಲೆಕ್ಕ. ಅವಧಿಗೆ ಅದು ಸರಿ, ಐದು ದಿನಗಳೊಳಗೆ ಎನ್ನುವಾಗ ‘ವಿತಿನ್’. ಗೊತ್ತಾದ ದಿನವನ್ನು ಹೆಸರಿಸಿದರೆ ‘ಬೈ ಫ್ರೈಡೇ’. ‘ಟಿಲ್ ಫ್ರೈಡೇ’ ಎಂದರಂತೂ ಶುಕ್ರವಾರದವರೆಗೆ ಕಳುಹಿಸುತ್ತಲೇ ಇರಿ ಎಂದಾಗುತ್ತದೆ.

‘ಎರಡು ದಿನ ಮೊದಲು ಮಾಲು ಕಳುಹಿಸಿದೆವು’ ಎಂಬುದಕ್ಕೆ ‘ಬಿಫೋರ್ ಟೂ ಡೇಸ್’ ಬೇಡ, ‘ಟೂ ಡೇಸ್ ಅಗೋ’ ಎನ್ನಬೇಕು.

ಬಹುವಚನದ ಕಷ್ಟ ನಮ್ಮಲ್ಲಿ ದಿನನಿತ್ಯದ್ದು. ಹತ್ತು ಮರ, ಐವತ್ತು ಚೀಲ, ಇಪ್ಪತ್ತು ಕ್ವಿಂಟಾಲ್ ಎಂದು ಸಂಖ್ಯೆ ಬಂದ ಮೇಲೆ ಕನ್ನಡ ‘ಗಳು’ ಕೇಳುವುದಿಲ್ಲ. ಇಂಗ್ಲಿಷ್ ಕೇಳುತ್ತದೆ: ಬ್ಯಾಗ್ಸ್, ಕ್ವಿಂಟಲ್ಸ್. ಅದೇ ಮಾಹಿತಿಗಳು, ಸಲಹೆಗಳು, ಪೀಠೋಪಕರಣಗಳು ಎಂದು ನಾವು ಧಾರಾಳವಾಗಿ ಬರೆಯುವಲ್ಲಿ ಇಂಗ್ಲಿಷ್ ಒಪ್ಪುವುದಿಲ್ಲ. ಇನ್‌ಫರ್ಮೇಷನ್, ಅಡ್ವೈಸ್, ಫರ್ನಿಚರ್, ಲಗೇಜ್ ಇವಕ್ಕೆ ಕೊನೆಯಲ್ಲಿ ‘ಎಸ್’ ಇಲ್ಲ.

ಚೆಕ್ಕು ಬರೆಯುವವರು ಒಂದು ಗಮನಿಸಿ. ನಾಲ್ಕಕ್ಕೆ ‘ಯು’ ಇದೆ, ನಲವತ್ತಕ್ಕೆ ಇಲ್ಲ. ತೊಂಬತ್ತರಲ್ಲಿ ‘ಇ’ ಉಳಿಯುತ್ತದೆ, ಒಂಬತ್ತನೆಯದು ಎನ್ನುವಾಗ ಹೋಗುತ್ತದೆ.

ರಾಶಿ, ಬೆಟ್ಟೆ, ಸರಕು, ಗೊರಬಲು ಇವನ್ನು ಅನುವಾದಿಸಲು ಹೋಗಬೇಡಿ. ಇವು ಅಡಿಕೆಯ ಬಗೆಗಳಿಗೆ ಮಾರುಕಟ್ಟೆಯಲ್ಲಿರುವ ಹೆಸರುಗಳು, ಹಾಗೆಯೇ ಬರೆಯಬೇಕು. ಅಡಿಕೆಗೆ ಇಂಗ್ಲಿಷಿನವರು ಹೇಳುವ ‘ಅರೆಕಾ’ ಕೂಡ ಮಲಯಾಳದಿಂದ ಪೋರ್ಚುಗೀಸರ ಬಾಯಿಯ ಮೂಲಕ ಹೋದ ಪದ, ನಮ್ಮ ಅಡಿಕೆಯ ದಾಯಾದಿ. ಅದನ್ನು ಬರೆಯುವಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಕೊಪ್ಪದವನು, ಈಗ ಬೆಂಗಳೂರು

ಎಲ್ಲರ ಮಾತಿಗೂ ಗೌರವವಿದೆ. ಆದರೆ ಒಂದು ಭಿನ್ನಾಭಿಪ್ರಾಯ ಹೇಳಲೇಬೇಕು. ‘ಪ್ರಿಪೋನ್’, ‘ಡು ದ ನೀಡ್‌ಫುಲ್’, ‘ಔಟ್ ಆಫ್ ಸ್ಟೇಷನ್’ ಎಂದು ಬರೆದರೂ ತಪ್ಪು ಎಂದು ನಮ್ಮನ್ನು ಹಣಿಯುವವರನ್ನು ಕಂಡಿದ್ದೇನೆ. ಇಷ್ಟು ಕೋಟಿ ಜನ ಬಳಸುವ ಇಂಗ್ಲಿಷ್ ನಮ್ಮದೂ ಹೌದು. ಮೇಲಾಗಿ ಈಗ ಮೊಬೈಲಿನಲ್ಲಿಯೇ ತಿದ್ದುವ ತಂತ್ರಾಂಶಗಳಿವೆ, ಕೃತಕ ಬುದ್ಧಿಮತ್ತೆಯೂ ಬಂದಿದೆ. ಹೊಳೆದಂಡೆಯ ಅಕ್ಕ ಇಷ್ಟೆಲ್ಲ ಕಲಿಯಬೇಕೇ?

ನಿವೃತ್ತ ಮೇಷ್ಟರು, ಶಿವಮೊಗ್ಗ

ಮೊದಲ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ‘ಪ್ರಿಪೋನ್’ ಈಗ ಇಂಗ್ಲಿಷ್ ನಿಘಂಟುಗಳಲ್ಲಿಯೇ ಇದೆ. ‘ಡು ದ ನೀಡ್‌ಫುಲ್’ ಬ್ರಿಟಿಷರೇ ಬರೆಯುತ್ತಿದ್ದ ಮಾತು, ಅವರು ಬಿಟ್ಟರು, ನಾವು ಉಳಿಸಿಕೊಂಡೆವು. ಭಾರತದೊಳಗೆ ಅದು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಹೊರದೇಶಕ್ಕೆ ಬರೆಯುವಾಗ ‘ಪ್ರಿಪೋನ್’ ಬದಲು ‘ಮೀಟಿಂಗನ್ನು ಗೊತ್ತಾದ ದಿನಕ್ಕಿಂತ ಮೊದಲೇ, ಮಂಗಳವಾರ ಇಟ್ಟಿದ್ದೇವೆ’ ಎಂದು ಬಿಡಿಸಿ ಬರೆದರೆ ಸಾಕು. ನಾನು ಬೇರ್ಪಡಿಸುವುದು ಹೀಗೆ: ಓದುವವರು ನಾವು ಅಂದುಕೊಂಡದ್ದನ್ನೇ ಅರ್ಥ ಮಾಡಿಕೊಂಡರೆ ಅದು ನಮ್ಮ ಸೊಗಡು. ಬೇರೆ ಅರ್ಥ ಮಾಡಿಕೊಂಡರೆ ತಪ್ಪು. ‘ಶನಿವಾರ ಓನ್ಲಿ’ ಎರಡನೆಯ ಗುಂಪಿನದು.

ತಂತ್ರಾಂಶದ ವಿಷಯದಲ್ಲಿ ಮಾತ್ರ ನಿಮ್ಮೊಂದಿಗೆ ಬರಲಾರೆ. ತಂಗಿಯ ವಾಕ್ಯವನ್ನು ಮತ್ತೆ ಓದಿ. ಅದರಲ್ಲಿ ಕಾಗುಣಿತ ಸರಿ, ವ್ಯಾಕರಣ ಸರಿ. ‘ಶನಿವಾರ ಮಾತ್ರ ಕೋಣೆ ಇದೆ’ ಎಂಬುದು ನಿರ್ದೋಷವಾದ ಇಂಗ್ಲಿಷ್ ವಾಕ್ಯ. ಭಾನುವಾರವೂ ಕೋಣೆ ಖಾಲಿ ಇತ್ತು ಎಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು? ‘ಟೂ ಕೋಲ್ಡ್’ ಕೂಡ ಹಾಗೆಯೇ. ಹಾಗೆಂದು ಯಂತ್ರವನ್ನು ದೂರ ಇಡಿ ಎನ್ನುತ್ತಿಲ್ಲ. ಕೃತಕ ಬುದ್ಧಿಮತ್ತೆಯನ್ನು ಕೇಳುವುದಾದರೆ ಹೇಳಬೇಕಾದದ್ದನ್ನು ಕನ್ನಡದಲ್ಲಿ ಪೂರ್ತಿಯಾಗಿ ಕೊಡಿ, ಬಂದ ಇಂಗ್ಲಿಷನ್ನು ಮತ್ತೆ ಕನ್ನಡದಲ್ಲಿ ಅರ್ಥ ಮಾಡಿಕೊಂಡು ನೋಡಿ. ಅಷ್ಟು ಮಾಡಲು ಸಹ ಎಲ್ಲಿ ಅನುಮಾನಪಡಬೇಕು ಎಂಬುದು ನಿಮಗೆ ತಿಳಿದಿರಬೇಕು.

ಕೊಪ್ಪದವನು, ಈಗ ಬೆಂಗಳೂರು

ಮೇಷ್ಟರೇ, ವಾಕ್ಯ ವ್ಯಾಕರಣಬದ್ಧವಾಗಿಯೇ ತಪ್ಪಾಗಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಅಚ್ಚುಮನೆ, ಶಿವಮೊಗ್ಗ

ನಮ್ಮದು ಮುದ್ರಣದ ಕೆಲಸ, ಫ್ಲೆಕ್ಸ್ ಬೋರ್ಡೂ ಮಾಡುತ್ತೇವೆ. ಕಾಗುಣಿತದ ಬಗ್ಗೆ ನಾನು ಹೇಳಬೇಕು, ಏಕೆಂದರೆ ಆ ತಪ್ಪು ವರ್ಷಗಟ್ಟಲೆ ರಸ್ತೆಯ ಮೇಲೆ ನಿಲ್ಲುತ್ತದೆ.

ಅಕ್ಷರಕ್ಕೆ ತಕ್ಕ ಉಚ್ಚಾರ ಎಂಬ ಕನ್ನಡದ ಅಭ್ಯಾಸ ಇಂಗ್ಲಿಷಿನಲ್ಲಿ ಕೈಕೊಡುತ್ತದೆ. ನಮ್ಮಲ್ಲಿ ಒತ್ತಕ್ಷರ ಕಿವಿಗೆ ಕೇಳುತ್ತದೆ, ಕತೆ ಬೇರೆ, ಕತ್ತೆ ಬೇರೆ. ಅವರಲ್ಲಿ ಜೋಡಿ ಅಕ್ಷರ ಕಿವಿಗೆ ಕೇಳುವುದಿಲ್ಲ, ಕಣ್ಣಿನಿಂದಲೇ ಕಲಿಯಬೇಕು. ಹೋಂಸ್ಟೇಯವರು ಹೆಚ್ಚು ತಪ್ಪುವ ಪದ ‘ಅಕಾಮಡೇಷನ್’. ಅದರಲ್ಲಿ ‘ಸಿ’ ಎರಡು, ‘ಎಂ’ ಎರಡು. ಜೋಡಿ ಹಾಸಿಗೆಯ ಕೋಣೆ ಎಂದು ನೆನಪಿಟ್ಟುಕೊಳ್ಳಿ. ‘ರೆಕಮೆಂಡ್’ನಲ್ಲಿ ‘ಸಿ’ ಒಂದೇ, ‘ಎಂ’ ಎರಡು. ‘ಮೇಂಟೆನೆನ್ಸ್’ನಲ್ಲಿ ‘ಟಿ’ ಆದ ಮೇಲೆ ‘ಇ’ ಬರಬೇಕು, ‘ಎ, ಐ’ ಅಲ್ಲ. ‘ಸೆಪರೇಟ್’ನಲ್ಲಿ ‘ಪಿ’ ಆದ ಮೇಲೆ ‘ಎ’.

ಪುಸ್ತಕ, ಪೆನ್ನು ಮಾರುವ ಅಂಗಡಿಯ ‘ಸ್ಟೇಷನರಿ’ಗೆ ಕೊನೆಯಲ್ಲಿ ‘ಇ, ಆರ್, ವೈ’. ‘ಎ, ಆರ್, ವೈ’ ಬರೆದರೆ ಕದಲದೆ ನಿಂತದ್ದು ಎಂದು ಅರ್ಥ. ‘ಪೇಪರ್’ ಕೂಡ ‘ಇ, ಆರ್’ನಿಂದಲೇ ಮುಗಿಯುತ್ತದೆ, ಅದನ್ನು ನೆನೆದರೆ ತಪ್ಪುವುದಿಲ್ಲ.

ಮೇಲಿನ ಕೊಂಡಿಯ ವಿಷಯ, ಅಪಾಸ್ಟ್ರಫಿ. ‘ರೂಮ್ಸ್’ ಎಂಬ ಬಹುವಚನಕ್ಕೆ ಅದು ಬೇಡ. ‘ಇಟ್ಸ್’ಗೆ ಬೇಕೋ ಬೇಡವೋ ಎಂಬ ಅನುಮಾನವಿದ್ದರೆ ಅದನ್ನು ‘ಇಟ್ ಈಸ್’ ಎಂದು ಬಿಡಿಸಿ ಓದಿ. ವಾಕ್ಯ ನಿಂತರೆ ಕೊಂಡಿ ಹಾಕಿ. ‘ಅದರ’ ಎಂಬ ಅರ್ಥವಾದರೆ ಬೇಡ.

ಕಂಪ್ಯೂಟರಿನಲ್ಲಿ ‘ಕಲರ್’ಗೆ ‘ಯು’ ಹಾಕಿ ಬರೆದಾಗ ಕೆಂಪು ಗೆರೆ ಬಂದರೆ ಹೆದರಬೇಡಿ. ಅದು ಅಮೆರಿಕದ ರೂಢಿ ನೋಡುತ್ತಿದೆ. 1828ರಲ್ಲಿ ನಿಘಂಟು ಪ್ರಕಟಿಸಿದ ನೋವಾ ವೆಬ್‌ಸ್ಟರ್ ಅಲ್ಲಿ ಬಲಪಡಿಸಿದ ಕಾಗುಣಿತ ಅದು. ನಾವು ಶಾಲೆಯಲ್ಲಿ ಕಲಿತದ್ದು ಬ್ರಿಟಿಷ್ ರೂಢಿ. ವರ್ಡ್‌ನಲ್ಲಿ ರಿವ್ಯೂ ಎಂಬಲ್ಲಿ ಲ್ಯಾಂಗ್ವೇಜ್ ಒತ್ತಿ, ಇಂಗ್ಲಿಷ್ ಇಂಡಿಯಾ ಎಂದು ಆರಿಸಿಕೊಂಡರೆ ಗೆರೆ ಹೋಗುತ್ತದೆ.

ನಮ್ಮ ಊರಿನ ಹೆಸರಿಗೂ ಗಮನ ಕೊಡಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಶಿವಮೊಗ್ಗ ಎಂದೇ ಅಧಿಕೃತ ರೂಪ, ‘ಜಿ’ ಎರಡು. ಹಳೆಯ ‘ಶಿಮೊಗ’ವನ್ನು ಈಗಲೂ ಬರೆದು ತರುತ್ತಾರೆ. ಹಳೆಯ ಅಂಕಪಟ್ಟಿಯಲ್ಲಿರುವ ಹೆಸರನ್ನು ಉಲ್ಲೇಖಿಸುವಾಗ ಅಲ್ಲಿರುವಂತೆ ಬರೆಯಿರಿ, ಇಂದಿನ ವಿಳಾಸಕ್ಕೆ ಹೊಸ ರೂಪ ಬಳಸಿ.

ಕೊನೆಯದಾಗಿ ನಾನೇ ಕಂಡುಕೊಂಡ ಒಂದು ಉಪಾಯ. ‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ ಎಂದು ತಿಳಿಯದಿದ್ದರೆ ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದಾದರೆ ‘ಎ’. ‘ಅವರ್’ ಅ ಇಂದ ಶುರು, ಇಂಗ್ಲಿಷಿನಲ್ಲಿ ‘ಎಚ್’ ಇದ್ದರೂ ‘ಆ್ಯನ್’. ‘ಯೂನಿವರ್ಸಿಟಿ’ ಯ ಇಂದ ಶುರು, ಆದ್ದರಿಂದ ‘ಎ’. ‘ಎಂಎಲ್‌ಎ’ ಎ ಇಂದ ಶುರು, ‘ಆ್ಯನ್’. ಇಂಗ್ಲಿಷ್ ಅಕ್ಷರ ಮುಚ್ಚಿಡುವುದನ್ನು ನಮ್ಮ ಲಿಪಿ ತೋರಿಸಿಕೊಡುತ್ತದೆ.

ಸಾಗರದ ವಿದ್ಯಾರ್ಥಿನಿ

ಅಣ್ಣ, ಈ ಉಪಾಯವನ್ನು ಪರೀಕ್ಷಿಸುತ್ತ ಕುಳಿತೆ. ‘ಒನ್’ ಎಂದು ನಾವು ಒ ಇಂದ ಬರೆಯುತ್ತೇವೆ. ಹಾಗಾದರೆ ‘ಒನ್ ಡೇ ಟ್ರಿಪ್’ಗೆ ಮೊದಲು ‘ಆ್ಯನ್’ ಬರಬೇಕೇ?

ಅಚ್ಚುಮನೆ, ಶಿವಮೊಗ್ಗ

ಬರಬಾರದು. ಒಳ್ಳೆಯ ಪ್ರಶ್ನೆ ಕೇಳಿದೆ, ತಂಗಿ. ಅವರ ಬಾಯಲ್ಲಿ ಅದು ‘ವನ್’. ನಾವು ರೂಢಿಯಿಂದ ಒ ಬರೆಯುತ್ತೇವೆ. ಹಾಗಾಗಿ ರೂಢಿಯ ಬರಹವನ್ನು ನೋಡದೆ ಅವರು ನುಡಿಯುವಂತೆ ಬರೆದು ನೋಡಬೇಕು ಎಂದು ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.

ಹೊಳೆದಂಡೆ ಮನೆ, ತೀರ್ಥಹಳ್ಳಿ

ಎರಡು ದಿನ ತೋಟದಲ್ಲಿ ಔಷಧಿ ಹೊಡೆಯುವ ಕೆಲಸವಿತ್ತು. ಇವತ್ತು ರಾತ್ರಿ ಎಲ್ಲವನ್ನೂ ಓದಿ ನನ್ನ ಸ್ವಾಗತ ಪತ್ರದ ಕರಡನ್ನು ಮುಂದಿಟ್ಟುಕೊಂಡೆ. ಒಂದು ಪುಟದಲ್ಲಿ ಒಂಬತ್ತು ಕಡೆ ಕೈ ನಿಂತಿತು. ‘ವಿ ಆರ್ ಹ್ಯಾವಿಂಗ್ ತ್ರೀ ರೂಮ್ಸ್’ ಎಂದಿದ್ದದ್ದು ‘ವಿ ಹ್ಯಾವ್’ ಆಯಿತು. ಬೆಳಿಗ್ಗೆ ಹನ್ನೊಂದರೊಳಗೆ ಕೋಣೆ ಬಿಡಬೇಕು ಎಂಬಲ್ಲಿ ‘ವಿತಿನ್’ ಹೊಡೆದು ‘ಬೈ’ ಮಾಡಿದೆ. ‘ಅಕಾಮಡೇಷನ್’ಗೆ ಒಂದು ‘ಎಂ’ ಕಡಿಮೆ ಇತ್ತು. ‘ಊಟ ಇಲ್ಲೇ ತಯಾರಾಗುತ್ತದೆ’ ಎಂಬುದಕ್ಕೆ ‘ಹಿಯರ್ ಓನ್ಲಿ’ ಎಂದು ಬರೆದಿದ್ದೆ. ಅದನ್ನು ತೆಗೆದು ‘ನಮ್ಮ ಅಡುಗೆಮನೆಯಲ್ಲಿ’ ಎಂಬ ಅರ್ಥ ಬರುವಂತೆ ಬರೆದೆ.

ಒಂದೇ ಒಂದು ಅನುಮಾನ ಉಳಿದಿದೆ. ‘ಜೋಗ 253 ಮೀಟರ್ ಎತ್ತರದ ಜಲಪಾತ’ ಎಂದು ಪತ್ರದಲ್ಲಿದೆ. ಸಂಖ್ಯೆ ಬಂದರೆ ಬಹುವಚನ ಎಂದು ಮಂಡಿಯ ಅಣ್ಣ ಹೇಳಿದ್ದಾರೆ. ‘253 ಮೀಟರ್ಸ್ ವಾಟರ್‌ಫಾಲ್’ ಎನ್ನಬೇಕೇ?

ನಿವೃತ್ತ ಮೇಷ್ಟರು, ಶಿವಮೊಗ್ಗ

ಇಲ್ಲಿ ನಿಮ್ಮ ಕನ್ನಡವನ್ನೇ ನಂಬಿ. ಅಳತೆ ನಾಮಪದದ ಮುಂದೆ ಕುಳಿತು ಅದನ್ನು ಬಣ್ಣಿಸುವಾಗ ‘ಎಸ್’ ಬಿದ್ದುಹೋಗುತ್ತದೆ: ‘253 ಮೀಟರ್ ವಾಟರ್‌ಫಾಲ್’, ಸಂಖ್ಯೆಗೂ ಮೀಟರಿಗೂ ನಡುವೆ ಒಂದು ಅಡ್ಡಗೆರೆ. ‘ಜಲಪಾತ 253 ಮೀಟರ್ ಎತ್ತರವಿದೆ’ ಎಂದು ತಿರುಗಿಸಿ ಹೇಳಿದರೆ ಮಾತ್ರ ‘ಮೀಟರ್ಸ್’.

ಅಚ್ಚುಮನೆ, ಶಿವಮೊಗ್ಗ

ಅಕ್ಕ, ಪತ್ರವನ್ನು ಸೋಮವಾರದೊಳಗೆ ಕಳುಹಿಸಿ. ಅಚ್ಚಿಗೆ ಹಾಕುವ ಮುನ್ನ ಪ್ರತಿ ಸಾಲನ್ನೂ ಫೋನಿನಲ್ಲಿ ಓದಿ ಹೇಳುತ್ತೇನೆ, ನಿಮ್ಮ ಮನಸ್ಸಿನಲ್ಲಿದ್ದದ್ದು ಅದೇ ಹೌದೋ ಅಲ್ಲವೋ ಎಂದು ನೀವು ಕನ್ನಡದಲ್ಲಿ ಹೇಳಿ.